ಎನ್‌ಐಸಿಯುನಲ್ಲಿರುವ ಕೂಸುಗಳನ್ನು ಎತ್ತಿಕೊಂಡು ಕೂರುವ ಸೇವೆ ಮುಂಬೈಯಲ್ಲಿ ಮಾಡಬಹುದೇ?

ನಿವೃತ್ತಿಯಾಗಿದೆ, ಡೊಂಬಿವಲಿಯಲ್ಲಿದ್ದೇನೆ, ಅಮೆರಿಕದ ಆಸ್ಪತ್ರೆಗಳಲ್ಲಿ ಸ್ವಯಂಸೇವಕರು ಎನ್‌ಐಸಿಯುವಿನ (ನವಜಾತ ಶಿಶುಗಳ ತೀವ್ರ ನಿಗಾ ಘಟಕದ) ಹಸುಗೂಸುಗಳನ್ನು ಎದೆಗವಚಿಕೊಂಡು ಕೂರುವ ವಿಡಿಯೊ ನೋಡಿದೆ, ಇಲ್ಲೂ ಹಾಗೆ ಮಾಡಲು ಬಿಡುತ್ತಾರೆಯೇ ಎಂದು ಕೇಳಿದ್ದೀರಿ. ಮುಂಬೈಯ ಒಂದು ಸಾರ್ವಜನಿಕ ಆಸ್ಪತ್ರೆಗೆ ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ಇದೇ ಕೆಲಸಕ್ಕೆ ಹೋಗುತ್ತಿದ್ದೇನೆ, ಹಾಗಾಗಿ ಉತ್ತರಿಸುತ್ತಿದ್ದೇನೆ. ಖಂಡಿತ ಬನ್ನಿ. ಆದರೆ ಇಲ್ಲಿ ನಿಮ್ಮ ಆಸರೆ ಮೊದಲು ಬೇಕಾಗಿರುವುದು ಕೂಸಿನ ತಾಯಿಗೆ.

ಆ ವಿಡಿಯೊಗಳ ಹಿನ್ನೆಲೆಯೇ ಬೇರೆ. ಅಮೆರಿಕದಲ್ಲಿ ಅನೇಕ ತಾಯಂದಿರಿಗೆ ಹೆರಿಗೆ ರಜೆ ಸಿಗುವುದೇ ಕಷ್ಟ. ದಿನ ತುಂಬದೆ ಹುಟ್ಟಿದ ಮಗು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರೆ ಅಪ್ಪ ಅಮ್ಮ ಕೆಲಸಕ್ಕೆ ಹೋಗಲೇಬೇಕು. ಬಸಿರಿನಲ್ಲಿದ್ದಾಗ ತಾಯಿ ತೆಗೆದುಕೊಂಡ ಓಪಿಯಾಯ್ಡ್‌ಗಳಿಂದಾಗಿ (ಅಫೀಮಿನ ಜಾತಿಯ ನೋವುಶಾಮಕಗಳು, ಮಾದಕವಸ್ತುಗಳು) ಹುಟ್ಟಿದ ಮೇಲೆ ನಡುಗುತ್ತ, ಕಿರುಚಿ ಅಳುವ ಮಕ್ಕಳೂ ಅಲ್ಲಿವೆ. ಅಂಥ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಮಂದ ಬೆಳಕಿನಲ್ಲಿ ಯಾರಾದರೂ ಎತ್ತಿಕೊಂಡಿರುವುದು ಚಿಕಿತ್ಸೆಯದೇ ಒಂದು ಭಾಗ. ಹಿನ್ನೆಲೆ ವಿಚಾರಿಸಿ, ತರಬೇತಿ ಕೊಟ್ಟು, ಹೆತ್ತವರ ಒಪ್ಪಿಗೆ ಪಡೆದ ಮೇಲೆಯೇ ಮಗುವನ್ನು ಹೊರಗಿನವರ ಕೈಗೆ ಕೊಡುತ್ತಾರೆ.

ನಮ್ಮಲ್ಲಿ ತಾಯಿ ಎಲ್ಲಿಗೂ ಹೋಗಿರುವುದಿಲ್ಲ. ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ಚಾದರ ಹಾಸಿಕೊಂಡು ಕೂತಿರುತ್ತಾಳೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಗಂಡನ ಜೊತೆ ನಾಕಾ ಕೆಲಸಕ್ಕೆ, ಅಂದರೆ ಬೀದಿ ಚೌಕದಲ್ಲಿ ನಿಂತು ಸಿಕ್ಕ ದಿನಗೂಲಿಗೆ, ಬಂದವಳು. ಗಂಡ ಆ ದಿನದ ಕೂಲಿ ಬಿಡುವಂತಿಲ್ಲ, ಹಿರೇ ಮಗು ಊರಲ್ಲಿ ಅತ್ತೆಯ ಹತ್ತಿರ. ಡಾಕ್ಟರ್ ಹಿಂದಿಯಲ್ಲಿ ಹೇಳಿದ್ದರಲ್ಲಿ ಕಾಲುಭಾಗ ತಿಳಿದಿರುತ್ತದೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ಕಿಲೋ ಇಲ್ಲದ ಕೂಸು, ಮೂಗಿನಲ್ಲಿ ನಳಿಕೆ, ಪಾದಕ್ಕೆ ಸುತ್ತಿದ ಕೆಂಪು ದೀಪದ ಪಟ್ಟಿ. “ಅಕ್ಕಾರ, ನಾ ಮುಟ್ಟಿದ್ರ ಕೂಸಿಗಿ ಏನರ ಆಗತೈತೇನ್ರಿ?” ಎಂದು ಎಷ್ಟೋ ಹೆಣ್ಣುಮಕ್ಕಳು ನನ್ನನ್ನು ಕೇಳಿದ್ದಾರೆ. ತಾನು ಹೆತ್ತ ಮಗುವನ್ನು ಮುಟ್ಟಲು ತಾನೇ ಹೆದರಿ ಕೂತವಳನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಯಾಕೆಂದರೆ ಆ ಕೂಸಿಗೆ ಅವಳ ಎದೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇಂಕ್ಯುಬೇಟರ್‌ಗಳು ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ, ಡಾ. ಎಡ್ಗರ್ ರೇ ಅವರು ಮಗುವನ್ನು ತಾಯಿಯ ಬರಿ ಎದೆಗೆ ಕಟ್ಟುವ ಕ್ರಮ ಶುರುಮಾಡಿದರು. ಅದನ್ನೇ ಈಗ ಎಲ್ಲ ಕಡೆ ಕಾಂಗರೂ ಆರೈಕೆ ಎನ್ನುವುದು. ಬಹಳ ಕಾಲ, ಮಗುವಿನ ಉಸಿರಾಟವೆಲ್ಲ ಸ್ಥಿರವಾದ ಮೇಲೆ ಮಾತ್ರ ಇದು ಎಂಬ ನಿಯಮವಿತ್ತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಸಿತು. ಭಾರತದಿಂದ ಇದ್ದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕಿಲೋದಿಂದ 1.8 ಕಿಲೋದೊಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ, ಮೊದಲ 28 ದಿನಗಳಲ್ಲಿ ಸಾಯುವ ಮಕ್ಕಳ ಪ್ರಮಾಣ ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು. 2021ರಲ್ಲಿ ಇದು ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಸಾಧ್ಯವಾದಷ್ಟು ಬೇಗ ಆರಂಭಿಸಿ ದಿನಕ್ಕೆ 8ರಿಂದ 24 ತಾಸು ಕಾಂಗರೂ ಆರೈಕೆ ಕೊಡಿ ಎಂದು ಶಿಫಾರಸು ಮಾಡಿತು.

ಎಂಟು ತಾಸು! ಹೊಲಿಗೆ ಹಾಕಿದ ಮೈ, ರಾತ್ರಿಯೆಲ್ಲ ನಿದ್ದೆಯಿಲ್ಲ, ಹೊತ್ತಿಗೆ ಸರಿಯಾಗಿ ಊಟ ತಂದುಕೊಡುವವರಿಲ್ಲ. ಅವಳು ಎಂಟು ತಾಸು ಕೂರುವುದು ಹೇಗೆ? ನಿಮ್ಮಂಥವರು ಬೇಕಾಗಿರುವುದು ಇಲ್ಲಿ. ಬೆನ್ನಿಗೆ ದಿಂಬು ಕೊಡಬೇಕು, ಬಾಯಿಗೆ ನೀರು ಹಿಡಿಯಬೇಕು, ಅವಳು ಎದ್ದು ಹೋಗಬೇಕಾದಾಗ ಸಿಸ್ಟರ್‌ನ್ನು ಕರೆಯಬೇಕು. ಸಂಜೆ ಗಂಡ ಬಂದರೆ, ಸ್ನಾನ ಮಾಡಿ ಬಾರಪ್ಪ, ಅಂಗಿ ಬಿಚ್ಚಿ ನೀನೂ ಎದೆಗೆ ಹಾಕ್ಕೋ ಎಂದು ಒಪ್ಪಿಸಬೇಕು. ಗಂಡಸರಿಗೆ ಮೊದಲು ನಾಚಿಕೆ. ಒಮ್ಮೆ ಕೂಸು ಎದೆಯ ಮೇಲೆ ನಿದ್ದೆಹೋಯಿತೆಂದರೆ ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟ. ಅಜ್ಜಿಯೂ ಮಾಡಬಹುದು, ಚಿಕ್ಕಮ್ಮನೂ ಮಾಡಬಹುದು.

ಬಳೆಯ ವಿಷಯ ಹೇಳಲೇಬೇಕು. ಒಳಗೆ ಹೋಗುವ ಮೊದಲು ಬಳೆ, ಉಂಗುರ ತೆಗೆದು ಮೊಳಕೈವರೆಗೆ ಸೋಪಿನಲ್ಲಿ ಕೈ ತೊಳೆಯಬೇಕು, ಏಕೆಂದರೆ ಅವುಗಳ ಸಂದಿಯಲ್ಲಿ ಉಳಿದ ರೋಗಾಣು ಈ ಮಕ್ಕಳಿಗೆ ಪ್ರಾಣಕ್ಕೇ ಬರಬಹುದು. ನಮ್ಮ ಕಡೆಯ ಬಾಣಂತಿಯ ಕೈಯಲ್ಲಿರುವುದು ಕುಬುಸದಲ್ಲಿ ತವರಿನವರು ಇಡಿಸಿದ ಹಸಿರು ಬಳೆ. ಬರಿಗೈ ಎಂದರೆ ಅವಳಿಗೆ ಎದೆ ಧಸಕ್ಕೆನ್ನುತ್ತದೆ. ಇಪ್ಪತ್ತು ಮಕ್ಕಳನ್ನು ನೋಡುವ ಸಿಸ್ಟರ್‌ಗೆ ಇದನ್ನೆಲ್ಲ ಕೂತು ಮಾತಾಡಲು ಪುರುಸೊತ್ತು ಎಲ್ಲಿಂದ ಬರಬೇಕು? ನಾನು ಸೋಪು ಹಚ್ಚಿ, ಒಂದೂ ಒಡೆಯದಂತೆ ಜಾರಿಸಿ, ಅವಳ ಅವ್ವನ ಉಡಿಗೆ ಹಾಕುತ್ತೇನೆ. ತಾಳಿ ಐತಿ, ಕಾಲುಂಗುರ ಅದಾವ, ಕೂಸು ಮನಿಗಿ ಬಂದ ದಿನ ಮತ್ತ ಇಟ್ಕೊಳ್ಳುವಂತಿ ಎನ್ನುತ್ತೇನೆ. ಅಷ್ಟು ಹೇಳುವವರೊಬ್ಬರಿದ್ದರೆ ಸಾಕು, ಅವಳು ಒಳಗೆ ಹೋಗುತ್ತಾಳೆ.

ಎದೆಗೆ ಹಾಕುವ ಕ್ರಮವನ್ನು ಸಿಸ್ಟರ್ ಕಲಿಸುತ್ತಾರೆ, ನೀವೂ ಗಮನವಿಟ್ಟು ನೋಡಿ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ಎರಡು ಸ್ತನಗಳ ನಡುವೆ ನೆಟ್ಟಗೆ ಇಟ್ಟು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಗದ್ದ ತುಸು ಮೇಲೆತ್ತಿರಬೇಕು. ಕತ್ತು ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ. ತಾಯಿ ಒರಗಿ ಕೂರಬೇಕು, ಪೂರ್ತಿ ಅಂಗಾತ ಮಲಗಬಾರದು. ಒಮ್ಮೆ ಇಟ್ಟರೆ ಒಂದು ತಾಸಾದರೂ ತೆಗೆಯಬೇಡಿ, ಎತ್ತಿ ಇಳಿಸುವುದೇ ಅಷ್ಟು ಪುಟ್ಟ ಜೀವಕ್ಕೆ ಆಯಾಸ.

ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿದ ಅಭ್ಯಾಸವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ. ತಟ್ಟುವುದು, ತೂಗುವುದು, ಬೆರಳಿನಿಂದ ಸವರುವುದು ದಿನ ತುಂಬದ ಕೂಸಿಗೆ ಹಿತವಲ್ಲ. ತೊಳೆದು ಬೆಚ್ಚಗಾದ ಒಂದು ಕೈ ತಲೆಯ ಮೇಲೆ, ಇನ್ನೊಂದು ಪಾದಗಳ ಕೆಳಗೆ, ಅಲುಗಾಡಿಸದೆ. ಬೆರಳುಗಳನ್ನು ಅಗಲಿಸಿ ಚಾಚಿದರೆ, ಬಿಕ್ಕಳಿಕೆ ಬಂದರೆ, ಮುಖ ತಿರುಗಿಸಿದರೆ ಸಾಕು ಎನ್ನುತ್ತಿದೆ ಎಂದರ್ಥ. ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳು ಬಡಿಯುವುದಂತೂ ಬೇಡವೇ ಬೇಡ, ಒಳಗೆ ಅದು ದೊಡ್ಡ ಸದ್ದು.

ಹಾಲಿನ ಬಗ್ಗೆಯೂ ನಿಮಗೆ ತಿಳಿದಿರಲಿ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ 1989ರಲ್ಲಿ ಆರಂಭವಾದದ್ದು ನಮ್ಮ ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ. ಹಾಲು ಕೊಡುವ ತಾಯಂದಿರ ರಕ್ತಪರೀಕ್ಷೆ ನಡೆಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಇಡುತ್ತಾರೆ. ತನಗೆ ಹಾಲು ಇಳಿಯುತ್ತಿಲ್ಲ ಎಂದು ಅಳುವವಳಿಗೆ, ಬೇರೆ ತಾಯಿಯ ಹಾಲು ಕೂಸಿಗೆ ದೋಷವಲ್ಲ, ಎದೆಗೆ ಹಾಕಿಕೊಂಡಿದ್ದರೆ ನಿನಗೂ ಇಳಿಯುತ್ತದೆ ಎಂದು ಕನ್ನಡದಲ್ಲಿ ಹೇಳುವ ಒಬ್ಬ ಹಿರಿಯಳಿದ್ದರೆ ಆಗುವ ಧೈರ್ಯವೇ ಬೇರೆ.

ಇನ್ನು, ಹೆತ್ತವರೇ ಇಲ್ಲದ ಕೂಸುಗಳು. ಅವಕ್ಕೆ ನೀವು ಅಂದುಕೊಂಡ ತೋಳೇ ಬೇಕು. ಬಿಟ್ಟುಹೋದ ಮಗು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ದತ್ತು ಸಂಸ್ಥೆಗೆ ಹೋಗುತ್ತದೆ. ಮುಂಬೈಯ ಮಹಾಲಕ್ಷ್ಮಿಯಲ್ಲಿ ಬಾಲ್ ಆಶಾ ಟ್ರಸ್ಟ್ ಇದೆ, ಪುಣೆಯಲ್ಲಿ ಸಸೂನ್ ಆಸ್ಪತ್ರೆಯ ನಂಟಿನ ಸೋಫೋಶ್ ಇದೆ. ಅಲ್ಲಿ ವಿಚಾರಿಸಿ. ಮಗುವಿನ ಫೋಟೊ ಮಾತ್ರ ತೆಗೆಯಬೇಡಿ. ಅಂಥ ಮಕ್ಕಳ ಗುರುತು ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಹಾಗೆಯೇ, ಇಂದು ಎತ್ತಿಕೊಂಡ ಮಗು ಮುಂದೆ ಒಂದು ಮನೆಗೆ ಹೋಗುತ್ತದೆ. ನಿಮಗೆ ಅಳು ಬರುತ್ತದೆ, ಬರಲಿ.

ನೇರವಾಗಿ ಎನ್‌ಐಸಿಯು ಬಾಗಿಲಿಗೆ ಹೋದರೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಿ ಸೋಶಿಯಲ್ ವರ್ಕರ್‌ನ್ನು ಕಾಣಿ, ಆಧಾರ್ ಮತ್ತು ಲಸಿಕೆಯ ಕಾಗದ ಒಯ್ಯಿರಿ. ಮೊದಮೊದಲು ಕಾರಿಡಾರಿನ ಕೆಲಸವನ್ನೇ ಕೊಡಬಹುದು, ಒಪ್ಪಿಕೊಳ್ಳಿ. ವಾರಕ್ಕೆ ಒಂದೇ ದಿನವಾದರೂ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಸಿಸ್ಟರ್‌ಗಳು, ಮಾವ್ಶಿಗಳು (ವಾರ್ಡಿನ ಆಯಾಗಳು) ನಿಮ್ಮನ್ನು ನಂಬುವುದು ಹಾಗೆ. ನೆಗಡಿ, ಜ್ವರ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಆ ವಾರ ಬಿಡಿ. ಅರ್ಜಿಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಮ್ಮ ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಕರೆದದ್ದೇ ಆ ಕಾರಣಕ್ಕೆ.