ಪ್ರತಿಕ್ರಿಯೆ: ಎಚ್‌ಎಲ್‌ಎ ಎ, ಬಿ, ಸಿ ಮೂರೂ ಒಂಟಿ ಬಂದಿವೆ, ಇಮ್ಯುನೊಥೆರಪಿ ಬಿಡಬೇಕೇ?

ಶ್ವಾಸಕೋಶದ ಕ್ಯಾನ್ಸರ್ ಇರುವ ನಿಮ್ಮ ತಂದೆಯವರ ವರದಿಯಲ್ಲಿ ಎಚ್‌ಎಲ್‌ಎ ಎ, ಬಿ, ಸಿ (ಕೋಶದೊಳಗಿನ ಪ್ರೋಟೀನ್ ಚೂರುಗಳನ್ನು ರೋಗನಿರೋಧಕ ಕೋಶಗಳಿಗೆ ತೋರಿಸುವ ವ್ಯವಸ್ಥೆಯ ಜೀನ್‌ಗಳು) ಮೂರೂ ಕಡೆ ಎರಡರ ಬದಲು ಒಂದೊಂದೇ ನಮೂನೆ ಬಂದಿದೆ ಎಂದರೆ, ಟೈಪಿಂಗ್ (ನಮೂನೆ ಗುರುತಿಸುವ ಪರೀಕ್ಷೆ) ಮಾಡಿದ್ದು ರಕ್ತದಿಂದಲ್ಲ, ಗಡ್ಡೆಯ ತುಣುಕಿನಿಂದ ಇರಬಹುದು. ಈ ಜೀನ್‌ಗಳು 6ನೇ ಕ್ರೋಮೋಸೋಮಿನ ಒಂದೇ ಭಾಗದಲ್ಲಿವೆ. ಗಡ್ಡೆಯ ಕೋಶಗಳು ಆ ಭಾಗದ ಒಂದು ಪ್ರತಿಯನ್ನು ಕಳೆದುಕೊಂಡರೆ ಮೂರೂ ಒಟ್ಟಿಗೇ ಒಂಟಿಯಾಗುತ್ತವೆ. ಈ ಕ್ಯಾನ್ಸರಿನಲ್ಲಿ ಅದೇನೂ ಅಪರೂಪವಲ್ಲ.

ಮೊದಲು ವರದಿಯ ಮೇಲ್ಗಡೆ ಸ್ಯಾಂಪಲ್ ಸಾಲು ನೋಡಿ. ‘ಎಫ್‌ಎಫ್‌ಪಿಇ’ ಅಥವಾ ‘ಬ್ಲಾಕ್’ (ಮೇಣದಲ್ಲಿ ಕಾಯ್ದಿಟ್ಟ ತುಣುಕು) ಎಂದಿದ್ದರೆ ಅದು ಗಡ್ಡೆಯದ್ದು. ಆಗ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ ರಕ್ತ ಕೊಟ್ಟು ಮತ್ತೊಮ್ಮೆ ಟೈಪಿಂಗ್ ಮಾಡಿಸಿ. ಎರಡೆರಡು ನಮೂನೆ ಬಂದರೆ ಹುಟ್ಟಿನಿಂದ ವೈವಿಧ್ಯ ಇದೆ, ಗಡ್ಡೆ ಮಾತ್ರ ಅರ್ಧ ಮುಚ್ಚಿಟ್ಟಿದೆ. ರಕ್ತದಲ್ಲೂ ಒಂಟಿಯೇ ಬಂದರೆ ನಿಮ್ಮ ತಂದೆಗೆ ಅವರ ಅಪ್ಪ–ಅಮ್ಮ ಇಬ್ಬರ ಕಡೆಯಿಂದಲೂ ಒಂದೇ ನಮೂನೆ ಬಂದಿದೆ (ರಕ್ತಸಂಬಂಧದ ಮದುವೆಯಾದ ಮನೆಗಳಲ್ಲಿ ಇದು ಹೆಚ್ಚು).

ಹಾಗಿದ್ದರೂ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಔಷಧ) ಬಿಡಲು ಅದು ಕಾರಣವಲ್ಲ. ನಮೂನೆ ಕಡಿಮೆಯಾದಷ್ಟೂ ಟಿ ಕೋಶಗಳಿಗೆ (ಗಡ್ಡೆಯನ್ನು ಗುರುತಿಸಿ ಕೊಲ್ಲುವ ರೋಗನಿರೋಧಕ ಕೋಶಗಳು) ಕಾಣುವ ಗಡ್ಡೆಯ ಪ್ರೋಟೀನ್ ಚೂರುಗಳ ಬಗೆಯೂ ಕಡಿಮೆ, ನಿಜ. 2018ರಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು ಒಂಟಿ ನಮೂನೆಯವರು ಬದುಕುಳಿಯುವ ಅವಧಿ ಸರಾಸರಿಯಲ್ಲಿ ಕಡಿಮೆ ಎಂದಿತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಆ ನಂಟು ಕಾಣಲೇ ಇಲ್ಲ. ಒಬ್ಬ ರೋಗಿಯ ಭವಿಷ್ಯ ಹೇಳುವಷ್ಟು ಬಲ ಅದಕ್ಕಿಲ್ಲ.

ಡಾಕ್ಟರ ಬಳಿ ಕೇಳಬೇಕಾದ್ದು ಪಿಡಿ-ಎಲ್1 (ಟಿ ಕೋಶಗಳನ್ನು ತಡೆಯುವ, ಗಡ್ಡೆಯ ಕೋಶಗಳ ಮೇಲಿನ ಪ್ರೋಟೀನ್) ಶೇಕಡಾವಾರು ಎಷ್ಟು, ಗಡ್ಡೆಯ ಇಜಿಎಫ್ಆರ್ ಮತ್ತು ಎಎಲ್‌ಕೆ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂಬುದನ್ನು. ಆ ಬದಲಾವಣೆ ಇದ್ದರೆ ಸಾಮಾನ್ಯವಾಗಿ ಮೊದಲು ಕೊಡುವುದು ಅದಕ್ಕೇ ಇರುವ ಮಾತ್ರೆ. ಟೈಪಿಂಗ್ ವರದಿಗೆ ಕಾಯುತ್ತಾ ಡೋಸ್ ಮುಂದೂಡಬೇಡಿ.