ಲಾಂಬ್ಸ್‌ಡಾರ್ಫ್ ಒಬ್ಬರಲ್ಲ, ಇಬ್ಬರು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ಮಾಸ್ಕೋಗೆ ಜರ್ಮನಿ ಕಳಿಸಿದ ರಾಯಭಾರಿ ಲಾಂಬ್ಸ್‌ಡಾರ್ಫ್ ಮೂಲದಲ್ಲಿ ರಾಜಕಾರಣಿಯಂತೆ. ತೆರಿಗೆ ಕೇಸಿನಲ್ಲಿ ಸಿಕ್ಕಿ ಮಂತ್ರಿಗಿರಿ ಬಿಟ್ಟವರು ಇವರೇ ತಾನೆ? ನಮ್ಮಲ್ಲಿ ಸೋತವರನ್ನು ರಾಜಭವನಕ್ಕೆ ಕಳಿಸುವ ಹಾಗೆ ಅಲ್ಲೂ ಉಂಟೇ? ಉಕ್ರೇನ್ ಯುದ್ಧದ ಹೊತ್ತಿನಲ್ಲಿ ಅಲ್ಲಿ ಕೂತು ಮಾಡುವುದಾದರೂ ಏನು?”

ಪ್ರಿಯ ಓದುಗರೇ,

ನೀವು ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೀರಿ. ಅದು ಸಹಜವೇ. ಮನೆತನ ಒಂದೇ, ಪಕ್ಷವೂ ಒಂದೇ: ಉದಾರವಾದಿಗಳ ಫ್ರೀ ಡೆಮಾಕ್ರಟಿಕ್ ಪಕ್ಷ, ಅಂದರೆ ಎಫ್‌ಡಿಪಿ. ಮಂತ್ರಿಗಿರಿ ಬಿಟ್ಟವರು ಒಟ್ಟೊ. ಮಾಸ್ಕೋಗೆ ಹೋದವರು ಅವರ ತಮ್ಮನ ಮಗ ಅಲೆಕ್ಸಾಂಡರ್.

ದೊಡ್ಡಪ್ಪನ ಕಥೆ ಮೊದಲು ಹೇಳುತ್ತೇನೆ. ಒಟ್ಟೊ 1977ರಿಂದ ಪಶ್ಚಿಮ ಜರ್ಮನಿಯ ಆರ್ಥಿಕ ವ್ಯವಹಾರಗಳ ಮಂತ್ರಿ. 1982ರಲ್ಲಿ ಅವರು ಬರೆದ ಒಂದು ಆರ್ಥಿಕ ಟಿಪ್ಪಣಿಯಿಂದಲೇ ಚಾನ್ಸಲರ್ (ಅಲ್ಲಿಯ ಪ್ರಧಾನಿ) ಹೆಲ್ಮುಟ್ ಶ್ಮಿಟ್ ಅವರ ಮೈತ್ರಿ ಸರ್ಕಾರ ಮುರಿಯಿತು ಎನ್ನುತ್ತಾರೆ. ಫ್ಲಿಕ್ ಎಂಬ ದೊಡ್ಡ ಉದ್ಯಮ ಸಮೂಹ ಪಕ್ಷಗಳಿಗೆ ಕೊಟ್ಟ ದೇಣಿಗೆಯ ಹಗರಣದಲ್ಲಿ 1984ರಲ್ಲಿ ಅವರೇ ರಾಜೀನಾಮೆ ಕೊಟ್ಟರು. ಲಂಚದ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ಪಕ್ಷದ ದೇಣಿಗೆಯ ತೆರಿಗೆ ತಪ್ಪಿಸಿದ್ದಕ್ಕೆ 1987ರಲ್ಲಿ 1.80 ಲಕ್ಷ ಮಾರ್ಕ್ ದಂಡ ಬಿತ್ತು. ಮರುವರ್ಷ ಅದೇ ಪಕ್ಷ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಇಂಥದ್ದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆವು, ಅಲ್ವಾ?

ಆದರೆ ಆಮೇಲಿನದನ್ನೂ ಕೇಳಿ. 1999ರಲ್ಲಿ ಚಾನ್ಸಲರ್ ಆಗಿದ್ದ ಗೆರ್‌ಹಾರ್ಡ್ ಶ್ರೋಡರ್ ಎದುರು ಪಕ್ಷದವರು. ಆದರೂ ಒಟ್ಟೊ ಅವರನ್ನೇ ಕರೆದು ಒಂದು ಕಷ್ಟದ ಕೆಲಸ ಒಪ್ಪಿಸಿದರು. ನಾಜಿ ಕಾಲದಲ್ಲಿ ಕಾರ್ಖಾನೆ, ಹೊಲಗಳಲ್ಲಿ ಬಲವಂತವಾಗಿ ದುಡಿಸಿಕೊಂಡವರಿಗೆ ಪರಿಹಾರ ಕೊಡುವ ಮಾತುಕತೆ ಅದು. ಎದುರಿಗೆ ಅಮೆರಿಕದ ಸ್ಟುವರ್ಟ್ ಐಸೆನ್‌ಸ್ಟಾಟ್. ಸುತ್ತ ವಕೀಲರು, ಪೂರ್ವ ಯುರೋಪಿನ ಸರ್ಕಾರಗಳು, ಕೈ ಬಿಚ್ಚಲು ಹಿಂದೆ ಮುಂದೆ ನೋಡುವ ಕಂಪನಿಗಳು. ಕೊನೆಗೆ 1,000 ಕೋಟಿ ಮಾರ್ಕ್ ಎಂದು ತೀರ್ಮಾನವಾಯಿತು, ಅರ್ಧ ಸರ್ಕಾರದ್ದು, ಅರ್ಧ ಉದ್ಯಮಗಳದ್ದು. 2007ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ತಲುಪಿತು. ಪೋಲೆಂಡ್, ಉಕ್ರೇನ್, ರಷ್ಯಾ, ಬೆಲಾರಸ್‌ನ ಮುದುಕ ಮುದುಕಿಯರು ಅದರಲ್ಲಿ ಬಹಳ. ಒಬ್ಬರಿಗೆ ಸಿಕ್ಕಿದ್ದು ಹೆಚ್ಚೆಂದರೆ 15,000 ಮಾರ್ಕ್. ಅದೂ ಯುದ್ಧ ಮುಗಿದು ಅರ್ಧ ಶತಮಾನ ದಾಟಿದ ಮೇಲೆ. ಕಡಿಮೆಯೇ, ತಡವೇ. ಆದರೂ ಅವರ ಮಂತ್ರಿಗಿರಿಗಿಂತ ಇದೇ ದೊಡ್ಡ ಕೆಲಸ ಎಂದು ನನಗೆ ಅನ್ನಿಸುತ್ತದೆ. ಅವರು 2009ರಲ್ಲಿ ತೀರಿಕೊಂಡರು.

ಇನ್ನು ಅಲೆಕ್ಸಾಂಡರ್. ಇವರು ರಾಜಕಾರಣಿಯಾಗುವ ಮೊದಲೇ ರಾಜತಾಂತ್ರಿಕ. ತಂದೆಯೂ ರಾಯಭಾರಿಯಾಗಿದ್ದವರು. 1995ರಲ್ಲಿ ವಿದೇಶಾಂಗ ಇಲಾಖೆ ಸೇರಿ, ವಾಷಿಂಗ್ಟನ್‌ನಲ್ಲಿ ಇದ್ದು ಬಂದು, 2004ರಲ್ಲಿ ಯುರೋಪಿಯನ್ ಸಂಸತ್ತಿಗೆ ಗೆದ್ದರು. ಅಲ್ಲಿ ಉಪಾಧ್ಯಕ್ಷರೂ ಆದರು. 2017ರಿಂದ ಜರ್ಮನಿಯ ಸಂಸತ್ತಿನಲ್ಲಿದ್ದರು.

ಆ ವರ್ಷಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಅವರ ಭಾಷಣಗಳಲ್ಲ, ಕೆನ್ಯಾ. 2007ರ ಡಿಸೆಂಬರಿನ ಚುನಾವಣೆಗೆ ಯುರೋಪಿಯನ್ ಒಕ್ಕೂಟದ ವೀಕ್ಷಕರ ಮುಖ್ಯಸ್ಥರಾಗಿ ಹೋಗಿದ್ದರು. ಮೊಲೊ ಎಂಬ ಕ್ಷೇತ್ರದಲ್ಲಿ ಅಧ್ಯಕ್ಷ ಕಿಬಾಕಿಗೆ ಸುಮಾರು 50 ಸಾವಿರ ಮತ ಬಂದದ್ದನ್ನು ವೀಕ್ಷಕರು ಅಲ್ಲೇ ನಿಂತು ಕೇಳಿಸಿಕೊಂಡಿದ್ದರು. ನೈರೋಬಿಯಲ್ಲಿ ಘೋಷಿಸುವಾಗ ಅದು 75 ಸಾವಿರ ದಾಟಿತ್ತು! ಎಣಿಕೆ ನಂಬುವಂಥದ್ದಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದರು. ಆಮೇಲೆ ನಡೆದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಮ್ಯಾನ್ಮಾರ್ ಚುನಾವಣೆಗೂ ಇವರೇ ಹೋಗಿದ್ದರು.

ಈಗ ನಿಮ್ಮ ರಾಜಭವನದ ಪ್ರಶ್ನೆ. ಜರ್ಮನಿಯಲ್ಲಿ ರಾಯಭಾರಿ ಹುದ್ದೆ ಸಾಮಾನ್ಯವಾಗಿ ಇಲಾಖೆಯೊಳಗಿನವರಿಗೇ ಹೋಗುತ್ತದೆ. ರಾಜಕೀಯದಿಂದ ಹೋದವರೂ ಇದ್ದಾರೆ. ಎಫ್‌ಡಿಪಿಯವರೇ ಆದ ಕಾರ್ಲ್ ಜಾರ್ಜ್ ಫ್ಲೈಡರರ್ ಹಾಗೆ ಹೋದವರು. ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳ ಜೊತೆ ಮಾತಾಡಿ ಎಂದು 1952ರಲ್ಲೇ ಒತ್ತಾಯಿಸಿದ ಅವರನ್ನು 1955ರಲ್ಲಿ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಕಳಿಸಿದರು. 1957ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅದೇ ತಿಂಗಳು ಪಶ್ಚಿಮ ಜರ್ಮನಿ ಯುಗೊಸ್ಲಾವಿಯಾದ ಜೊತೆ ಸಂಬಂಧವನ್ನೇ ಕಡಿದುಕೊಂಡಿತು. ಕಾರಣ, ಅದು ಪೂರ್ವ ಜರ್ಮನಿಗೆ ಮಾನ್ಯತೆ ಕೊಟ್ಟದ್ದು.

ನಮ್ಮಲ್ಲಿ ಮಾಸ್ಕೋಗೆ ಇಂಥ ನೇಮಕ ಜಾಸ್ತಿಯೇ. ವಿಜಯಲಕ್ಷ್ಮಿ ಪಂಡಿತ್, ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್, ಐ.ಕೆ. ಗುಜ್ರಾಲ್. ಗುಜ್ರಾಲ್ ಅವರದ್ದು ನೀವು ಹೇಳುವ ಬಗೆಗೆ ಸ್ವಲ್ಪ ಹತ್ತಿರ: ತುರ್ತು ಪರಿಸ್ಥಿತಿಯಲ್ಲಿ ವಾರ್ತಾ ಖಾತೆ ಕಳೆದುಕೊಂಡು 1976ರಲ್ಲಿ ಹೋದವರು. ಅಲೆಕ್ಸಾಂಡರ್ ಹಾಗೆ ಸೋತು ಹೋದವರಲ್ಲ. 2023ರಲ್ಲಿ ಹೊರಟಾಗ ಅವರ ಪಕ್ಷ ಅಧಿಕಾರದಲ್ಲಿತ್ತು. ಸ್ವತಃ ಪಕ್ಷದ ಸಂಸದೀಯ ಗುಂಪಿನ ಉಪನಾಯಕರು. ಸಂಸದ ಸ್ಥಾನ ಬಿಟ್ಟೇ ಹೋದರು.

ಇನ್ನೊಂದು ಸಂಗತಿ. ಬಾಲ್ಟಿಕ್ ಸಮುದ್ರದ ಪೂರ್ವ ತೀರದಲ್ಲಿ ನೆಲೆಸಿದ್ದ ಇವರ ಜರ್ಮನ್ ವಂಶದವರು ಹಿಂದೆ ರಷ್ಯಾದ ಚಕ್ರವರ್ತಿಗಳ ಕೈಕೆಳಗೆ ದುಡಿದವರು. ಒಬ್ಬರು ಒಂದನೇ ನಿಕೋಲಸ್‌ಗೆ ಬಾಲ್ಯದಲ್ಲಿ ಮೇಷ್ಟ್ರು. ಹುಡುಗನನ್ನು ಚೆನ್ನಾಗಿ ಬಾರಿಸುತ್ತಿದ್ದರಂತೆ. ಇನ್ನೊಬ್ಬರು 1900ರಿಂದ 1906ರವರೆಗೆ ರಷ್ಯಾದ ವಿದೇಶಾಂಗ ಮಂತ್ರಿ. ಮಾಸ್ಕೋದಲ್ಲಿ ಈ ಹೆಸರು ಹೊಸದಲ್ಲ.

ಅಲ್ಲಿ ಕೂತು ಏನು ಮಾಡುತ್ತಾರೆ? ಮೊದಲಿಗೆ, ಬಾಗಿಲು ಮುಚ್ಚಿದರು. ಸುಮ್ನೆ ಹೇಳುತ್ತಿಲ್ಲ. ತನ್ನ ನೆಲದಲ್ಲಿ ಜರ್ಮನಿ ಸರ್ಕಾರದ ನೌಕರರು 350ಕ್ಕಿಂತ ಜಾಸ್ತಿ ಇರಬಾರದು ಎಂದು ರಷ್ಯಾ 2023ರಲ್ಲಿ ಮಿತಿ ಹಾಕಿತು. ಶಾಲಾ ಶಿಕ್ಷಕರೂ ಆ ಲೆಕ್ಕದಲ್ಲೇ ಬಂದರು. ಕಲಿನಿನ್‌ಗ್ರಾಡ್, ಯೆಕಟೆರಿನ್‌ಬರ್ಗ್, ನೊವೊಸಿಬಿರ್ಸ್ಕ್‌ನ ಕಾನ್ಸುಲೇಟ್‌ಗಳು ಆ ನವೆಂಬರಿಗೆ ಬಂದ್. ಸೇಂಟ್ ಪೀಟರ್ಸ್‌ಬರ್ಗ್‌ನದು ಮಾತ್ರ ಉಳಿಯಿತು. 2024ರ ಮಾರ್ಚ್ 1ರಂದು, ರಷ್ಯಾದ ಜೈಲಿನಲ್ಲಿ ಸತ್ತ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿಯ ಅಂತ್ಯಕ್ರಿಯೆಗೆ ಅಮೆರಿಕ, ಫ್ರಾನ್ಸ್ ರಾಯಭಾರಿಗಳ ಜೊತೆ ಹೋಗಿ ನಿಂತರು. ಜರ್ಮನಿಯ ವಾಯುಪಡೆ ಅಧಿಕಾರಿಗಳು ಕ್ಷಿಪಣಿ ಬಗ್ಗೆ ಮಾತಾಡಿದ ಫೋನ್ ಸಂಭಾಷಣೆಯನ್ನು ರಷ್ಯಾ ಬಯಲು ಮಾಡಿದ್ದೂ ಅದೇ ದಿನ. ಆ ಮೇ ತಿಂಗಳಲ್ಲಿ, ಶ್ರೋಡರ್ ಅವರ ಪಕ್ಷದ ಕಂಪ್ಯೂಟರ್‌ಗಳಿಗೆ ರಷ್ಯಾ ಕನ್ನ ಹಾಕಿದೆ ಎಂದು ಬರ್ಲಿನ್ ಇವರನ್ನು ಒಂದು ವಾರ ವಾಪಸ್ ಕರೆಸಿತು.

ಇವುಗಳಲ್ಲಿ ಯಾವುದೂ ಯುದ್ಧ ನಿಲ್ಲಿಸುವ ಕೆಲಸವಲ್ಲ. ಆದರೆ ಯಾರೂ ಇಲ್ಲದಿದ್ದರೆ ಅಲ್ಲಿ ಸಿಕ್ಕಿಬಿದ್ದ ಜರ್ಮನ್ನರಿಗೆ, ಹೊರಗೆ ಹೋಗಬೇಕೆನ್ನುವ ರಷ್ಯನ್ನರಿಗೆ ತಟ್ಟಲು ಬಾಗಿಲೇ ಇರುವುದಿಲ್ಲ. ಅಷ್ಟಕ್ಕಾದರೂ ಒಬ್ಬರು ಬೇಕು.

ಅಂದಹಾಗೆ, 2025ರ ಫೆಬ್ರವರಿ ಚುನಾವಣೆಯಲ್ಲಿ ಎಫ್‌ಡಿಪಿಗೆ ಬಂದದ್ದು ಶೇ. 4.3 ಮತ. ಅಲ್ಲಿ ಶೇ. 5 ದಾಟಬೇಕು. ಒಬ್ಬ ಸಂಸದನೂ ಉಳಿಯಲಿಲ್ಲ. ಅಲೆಕ್ಸಾಂಡರ್ ಬರ್ಲಿನ್‌ನಲ್ಲೇ ಇದ್ದಿದ್ದರೆ ಆ ಚುನಾವಣೆಯಿಂದ ಮಾಜಿ ಸಂಸದರಾಗುತ್ತಿದ್ದರು.

– ಸಂಪಾದಕ