ಓದುಗರ ಪ್ರಶ್ನೆ: ತೋಟದ ಕೆಲಸ, ಸಭೆಯ ಸೇವೆ, ಮನೆಯ ಊಟ

ಪ್ರಶ್ನೆ: ನಾನು ಸಿದ್ದಾಪುರದ ಬಳಿಯ ಒಂದು ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದೇನೆ. ಆರು ವರ್ಷಗಳಿಂದ ನಮ್ಮ ಚಿಕ್ಕ ಮೆಥಡಿಸ್ಟ್ ಕ್ರೈಸ್ತ ಸಭೆಗೆ ಸ್ಥಳೀಯ ಪಾಸ್ಟರ್ ಆಗಿಯೂ ಸೇವೆ ಮಾಡುತ್ತಿದ್ದೇನೆ. ಸಂಬಳ ಕೊಡುವ ಶಕ್ತಿ ಸಭೆಗಿಲ್ಲ, ನಾನು ಕೇಳಿಯೂ ಇಲ್ಲ. ಶನಿವಾರ ಬಟವಾಡೆ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ, ಪ್ರಸಂಗದ ಸಿದ್ಧತೆ ಆಮೇಲೆ. ಊಟಕ್ಕೆ ಕುಳಿತಾಗಲೂ ಫೋನ್ ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಹೆಂಡತಿ ಇದುವರೆಗೆ ಒಂದು ಮಾತೂ ಆಡಿಲ್ಲ. ಆದರೆ ಹೋದ ತಿಂಗಳು ಒಂಬತ್ತು ವರ್ಷದ ಮಗಳು, ‘ಶಾಲೆಯ ಮೀಟಿಂಗಿಗೆ ಅಮ್ಮ ಬಂದರೆ ಸಾಕು’ ಎಂದಳು. ಇನ್ನೊಂದು ಸಂಕಟವೂ ಇದೆ. ವಾರವಿಡೀ ಯಾರ ಹಾಜರಿ ಬರೆಯುತ್ತೇನೋ ಅವರಲ್ಲಿ ಕೆಲವರು ನನ್ನ ಸಭೆಯವರೇ. ನಾನು ಸೇವೆ ಬಿಡಬೇಕೇ, ಕೆಲಸ ಬಿಡಬೇಕೇ?
– ಒಬ್ಬ ಓದುಗ, ಸಿದ್ದಾಪುರ

ಉತ್ತರ: ಎರಡನ್ನೂ ಬಿಡಬೇಡಿ. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಜೊತೆಗಿದ್ದು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆಯುತ್ತಲೇ ಸುವಾರ್ತೆ ಸಾರಿದನು; ದುಡಿದು ಉಣ್ಣುವ ಪಾಸ್ಟರ್ ಯಾರಿಗೂ ಕಡಿಮೆಯಲ್ಲ. ನೀವು ಬಿಡಬೇಕಾದದ್ದು, ಸಭೆಯ ಸಮಸ್ತ ಕೆಲಸವೂ ನಿಮ್ಮೊಬ್ಬರ ಹೆಗಲಿನದು ಎಂಬ ಎಣಿಕೆಯನ್ನು.

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಲ್ಲಿ ನಿಮ್ಮಂತೆಯೇ ಬೇರೆ ಉದ್ಯೋಗದಲ್ಲಿದ್ದುಕೊಂಡು ಸೇವೆ ಮಾಡುವ ಲೋಕಲ್ ಪಾಸ್ಟರುಗಳಿದ್ದಾರೆ. ಪೂರ್ಣಕಾಲಿಕರಲ್ಲದವರನ್ನು ನೇಮಿಸುವಾಗ ಅಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಸೇವೆಯ ಪಾಲನ್ನು ಗೊತ್ತುಮಾಡುತ್ತಾರೆ. ಅವರ ಲೈಸೆನ್ಸ್ ಸಹ ನೇಮಕವಾದ ಸ್ಥಳದ ಮಟ್ಟಿಗೆ ಮಾತ್ರ ನಡೆಯುತ್ತದೆ. ಅಲ್ಲಿಯ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲವಾದರೂ ಆ ಅಳತೆಯ ಮಾತು ನಮಗೂ ಬೇಕು. ನಿಮ್ಮ ಸೇವೆ ಕಾಲೋ ಅರ್ಧವೋ ಎಂದು ಈ ಆರು ವರ್ಷಗಳಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ, ಹಾಗಾಗಿ ಅದು ಹಬ್ಬುತ್ತ ಬಂದು ನಿಮ್ಮ ಊಟದ ತಟ್ಟೆಯವರೆಗೆ ತಲುಪಿದೆ.

‘ಹೆಂಡತಿ ಒಂದು ಮಾತೂ ಆಡಿಲ್ಲ’ ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ. ನಾನೂ ಶಾಲೆಯಲ್ಲಿ ಪಾಠ ಹೇಳುತ್ತ ಸಭೆ ನಡೆಸಿದವನು. ನನ್ನ ಮಗ ಬೀಳದೆ ಸೈಕಲ್ ತುಳಿದ ಸುದ್ದಿ ನನಗೆ ತಿಳಿದದ್ದು ನೆರೆಮನೆಯವರ ಬಾಯಿಂದ, ಅದು ಈಗಲೂ ನೋಯುತ್ತದೆ. ನಮ್ಮ ಸಂಪ್ರದಾಯದ ಮೂಲಪುರುಷರಾದ ಜಾನ್ ವೆಸ್ಲಿಯವರ ಬದುಕಿನಲ್ಲೂ ಈ ಗಾಯವಿದೆ. 1751ರಲ್ಲಿ ಮದುವೆಯಾದಾಗ, ಸಂಸಾರದ ಕಾರಣಕ್ಕೆ ಒಂದು ಪ್ರಸಂಗವನ್ನಾಗಲಿ ಒಂದು ದಿನದ ಪ್ರಯಾಣವನ್ನಾಗಲಿ ಕಡಿಮೆ ಮಾಡಕೂಡದೆಂಬುದು ಅವರ ನಿಲುವಾಗಿತ್ತು. ಆ ದಾಂಪತ್ಯ ಮುರಿಯಿತು, ಮತ್ತು 1781ರಲ್ಲಿ ಹೆಂಡತಿ ತೀರಿಕೊಂಡ ಸುದ್ದಿ ಅವರಿಗೆ ತಲುಪುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ವೆಸ್ಲಿಯವರಿಂದ ಕಲಿಯಬೇಕಾದದ್ದು ಬೆಟ್ಟದಷ್ಟಿದೆ, ಇದೊಂದನ್ನು ಮಾತ್ರ ಕಲಿಯಬೇಡಿ. ಸ್ವಂತ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯೇ ಕೇಳುತ್ತದೆ.

ಆದರೆ ಅದೇ ವೆಸ್ಲಿಯವರು ನಿಮ್ಮ ಭಾರಕ್ಕೆ ಪರಿಹಾರವನ್ನೂ ಬಿಟ್ಟುಹೋಗಿದ್ದಾರೆ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು, ಹನ್ನೊಂದು ಜನರಿಗೊಬ್ಬರಂತೆ ನೇಮಿಸಿ ವಾರಕ್ಕೆ ತಲಾ ಒಂದು ಪೆನ್ನಿ ಸಂಗ್ರಹಿಸುವ ಏರ್ಪಾಡು ಹುಟ್ಟಿತು. ಹೀಗೆ ಹಣಕ್ಕೆಂದು ಮನೆಮನೆಗೆ ಹೋದವರು ಅಲ್ಲಿನ ಕಾಯಿಲೆ, ಜಗಳ, ಕುಡಿತಗಳನ್ನು ಕಣ್ಣಾರೆ ಕಂಡರು. ಸಾಲ ವಸೂಲಿಗೆ ಹುಟ್ಟಿದ ಏರ್ಪಾಡು ಕ್ಲಾಸ್ ಮೀಟಿಂಗ್ ಎಂಬ ಪಾಲನೆಯ ಕ್ರಮವಾಗಿ ಬೆಳೆಯಿತು. ಅಮೆರಿಕದಲ್ಲಿ ಕುದುರೆ ಏರಿ ಊರೂರು ಸುತ್ತುತ್ತಿದ್ದ ಪಾಸ್ಟರು ವಾರಗಟ್ಟಲೆ ಬರದಿದ್ದಾಗಲೂ ಸಭೆಗಳು ಉಳಿದದ್ದು ಇಂಥ ಗುಂಪುಗಳನ್ನು ನೋಡಿಕೊಳ್ಳುತ್ತಿದ್ದ ಕ್ಲಾಸ್ ಲೀಡರುಗಳಿಂದ. ಅವರು ಕೃಷಿಕರು, ಕಸುಬುದಾರರು, ಅಂದರೆ ನಿಮ್ಮ ಸಭೆಯಲ್ಲಿ ಇರುವಂಥವರೇ.

ಆದ್ದರಿಂದ ಸಭೆಯಲ್ಲಿ ಮೂವರನ್ನು ಆರಿಸಿ. ಮನೆಭೇಟಿ, ಆಸ್ಪತ್ರೆಗೆ ಜೊತೆಹೋಗುವುದು, ಕಾಣಿಕೆಯ ಲೆಕ್ಕ ಇವುಗಳನ್ನು ಅವರಿಗೆ ಒಪ್ಪಿಸಿ. ಪ್ರಸಂಗ, ಸಾವಿನ ಮನೆ, ಮರಣಶಯ್ಯೆ ಇಷ್ಟನ್ನು ನೀವು ಇಟ್ಟುಕೊಳ್ಳಿ. ನಮ್ಮಲ್ಲಿ ಕ್ರಿಸ್ಮಸ್ ಬರುವುದೇ ಕಾಫಿ ಕೊಯ್ಲಿನ ಕಾಲದಲ್ಲಿ, ಕಣದಲ್ಲಿ ಹಣ್ಣು ತೂಗಿಸುತ್ತ ಕತ್ತಲಾಗುವಾಗ ಕ್ಯಾರಲ್ ತಂಡವನ್ನೂ ನೀವೇ ಹೊರಡಿಸಬೇಕೆಂದಿಲ್ಲ, ಯುವಕರು ನಡೆಸಲಿ. ಪ್ರಸಂಗದ ವಾಕ್ಯವನ್ನು ಸೋಮವಾರವೇ ಆರಿಸಿ, ತೋಟದ ದಾರಿಯಲ್ಲಿ ನಡೆಯುವಾಗ ಅದನ್ನು ಮೆಲುಕು ಹಾಕಿ. ಬಟವಾಡೆಯ ರಾತ್ರಿ ಹೊಸದಾಗಿ ಏನೂ ಹುಟ್ಟುವುದಿಲ್ಲ.

ನೀವು ಹೇಳಿದ ಎರಡನೆಯ ಸಂಕಟ ಮೊದಲನೆಯದಕ್ಕಿಂತ ಸೂಕ್ಷ್ಮವಾದದ್ದು. ಅರ್ಧ ದಿನದ ಹಾಜರಿ ಬರೆಸಿಕೊಂಡ ಹೆಂಗಸು ಭಾನುವಾರ ನಿಮ್ಮ ಮುಂದೆ ತಲೆಬಾಗಿ ನಿಂತಾಗ, ಆಕೆಯ ತಲೆಯ ಮೇಲೆ ನೀವಿಡುವ ಕೈ ಆ ಹಾಜರಿ ಬರೆದ ಕೈಯೇ. ಸಭೆಯವರ ಹಾಜರಿಯ ಬಗ್ಗೆ ತಕರಾರು ಬಂದರೆ ನೀವೇ ತೀರ್ಮಾನಿಸಬೇಡಿ, ಮ್ಯಾನೇಜರ್ ಮುಂದಿಡಿ. ತೋಟದ ಆಳುಗಳಿರುವ ಲೈನ್‌ಮನೆಗಳಲ್ಲಿ ಪ್ರಾರ್ಥನೆಗೆಂದು ಹೋದಾಗ ತೋಟದ ಮಾತು ಎತ್ತಲೇಬೇಡಿ, ಅವರಾಗಿ ಎತ್ತಿದರೆ ನಾಳೆ ಕಚೇರಿಗೆ ಬನ್ನಿ ಎನ್ನಿ.

ಮೇಲಧಿಕಾರಿಗಳಾದ ಸೂಪರಿಂಟೆಂಡೆಂಟರಿಗೆ ಪತ್ರ ಬರೆದು, ವಾರಕ್ಕೆ ಎಷ್ಟು ಹೊತ್ತು ನಿಮ್ಮಿಂದ ಸಾಧ್ಯವೆಂಬುದನ್ನು ಸ್ಪಷ್ಟವಾಗಿ ತಿಳಿಸಿ. ಕಳುಹಿಸುವ ಮೊದಲು ಅದನ್ನು ಹೆಂಡತಿಗೆ ಓದಿ ಹೇಳಿ, ಅವರು ಯಾವುದಾದರೂ ಸಾಲನ್ನು ತಿದ್ದಿದರೆ ತಿದ್ದಿದಂತೆಯೇ ಬರೆಯಿರಿ. ಮತ್ತು ಶಾಲೆಯ ಮುಂದಿನ ಮೀಟಿಂಗ್ ಯಾವ ದಿನವೆಂದು ಮಗಳನ್ನೇ ಕೇಳಿ ತಿಳಿದುಕೊಂಡು, ಆ ದಿನಕ್ಕೆ ಇವತ್ತೇ ರಜೆ ಬರೆದುಕೊಡಿ.